ಇಲ್ಲದ ಸಾಲು

ಈ ವರ್ಷದ ತೆರಿಗೆ ಭಾನುವಾರವನ್ನು ತಪ್ಪಿಸಿಕೊಳ್ಳಲು ಏನು ನೆಪ ಹೇಳಲಿ ಎಂದು ಒಂದು ವಾರ ತಲೆ ಕೆಡಿಸಿಕೊಂಡೆ. ಜ್ವರ ಎಂದರೆ ಡ್ರೈವರಮ್ಮ ಮಾತ್ರೆ ಹಿಡಿದುಕೊಂಡು ಮನೆಗೇ ಬರುತ್ತಾಳೆ. ನೆಂಟರು ಬಂದಿದ್ದಾರೆ ಎಂದರೆ ಟೀಚರ್, ಯಾರ ಕಡೆಯವರು, ಎಷ್ಟು ದಿನ ಇರುತ್ತಾರೆ, ಅಷ್ಟು ದಿನ ಯಾಕೆ ಇರುತ್ತಾರೆ ಎಂದು ಕೇಳುತ್ತಾರೆ. ಸುಳ್ಳು ಹೇಳುವುದಕ್ಕೂ ಒಂದು ವಯಸ್ಸಿದೆ. ಐವತ್ತಾರರಲ್ಲಿ ಬೆಳಿಗ್ಗೆ ಹೇಳಿದ ಸುಳ್ಳು ಸಂಜೆಗೆ ನನಗೇ ನೆನಪಿರುವುದಿಲ್ಲ. ಕೊನೆಗೆ ಸಂಬಳದ ಪತ್ರವನ್ನು ಫೈಲಿನ ತೀರಾ ಅಡಿಗೆ ಹಾಕಿ, ಮೇಲೆ ವಿಮೆಯ ರಸೀದಿ, ಬಾಡಿಗೆಯ ರಸೀದಿ ಎಲ್ಲವನ್ನೂ ಪೇರಿಸಿಕೊಂಡು ಹೊರಟೆ.

ಆ ಪತ್ರದಲ್ಲಿ ಇದ್ದದ್ದು ಇಷ್ಟೇ. ಕಳೆದ ಏಳು ತಿಂಗಳಿಂದ ನನ್ನ ಸಂಬಳ ಅರ್ಧ. ಹುದ್ದೆಯ ಹೆಸರು ಹಿರಿಯ ಪ್ರೂಫ್ ರೀಡರ್ ಅಲ್ಲ, ಉಗ್ರಾಣ ಸಹಾಯಕಿ. ನನ್ನ ಗಂಡನಿಗೆ ಗೊತ್ತು. ‘ಹೋಗ್ಲಿ ಬಿಡು, ಆರಾಮಾಗಿರು’ ಎಂದು ಹೇಳಿ ಅವರು ಪೇಪರಿನ ಪುಟ ತಿರುಗಿಸಿದ್ದರು. ಆದರೆ ಈ ಇಬ್ಬರು ಗೆಳತಿಯರಿಗೆ ಗೊತ್ತಿಲ್ಲ.

ನಾವು ಮೂವರೂ ಒಂದು ಕಾಲದಲ್ಲಿ ಒಂದೇ ಬಾಡಿಗೆ ಕಟ್ಟಡದಲ್ಲಿದ್ದವರು. ಮೂರು ಮನೆಗೆ ಸೇರಿ ಬಟ್ಟೆ ಒಣಹಾಕಲು ಇದ್ದದ್ದು ಒಂದೇ ತಂತಿ. ಅಲ್ಲಿ ಶುರುವಾದ ಜಗಳ ಸ್ನೇಹವಾಯಿತು. ಹತ್ತೊಂಬತ್ತು ವರ್ಷದಿಂದ ತೆರಿಗೆ ಫಾರಂ ತುಂಬುವುದು ಒಟ್ಟಿಗೆ, ಟೀಚರ್ ಮನೆಯ ಊಟದ ಮೇಜಿನ ಮೇಲೆ, ಕಡೆಯ ದಿನಾಂಕಕ್ಕೆ ಮುಂಚಿನ ಭಾನುವಾರ. ಅದಕ್ಕೆ ಎರಡು ನಿಯಮ. ಮೊದಲನೆಯದು, ಯಾರೂ ತಮ್ಮ ಫಾರಂ ತಾವು ತುಂಬುವ ಹಾಗಿಲ್ಲ. ಒಬ್ಬರದನ್ನು ಇನ್ನೊಬ್ಬರು ತುಂಬಬೇಕು, ವರ್ಷವರ್ಷ ಸರದಿ ತಿರುಗುತ್ತದೆ. ಎರಡನೆಯದು, ಕಳಿಸುವ ಮುಂಚೆ ಮೂರನ್ನೂ ಕೊನೆಗೊಮ್ಮೆ ನಾನು ಓದಬೇಕು. ನಾನು ಓದಿ ‘ಸರಿ’ ಎಂದ ಮೇಲೆಯೇ ಗುಂಡಿ ಒತ್ತುವುದು. ಟೀಚರ್ ನನಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದೇ ಇದಕ್ಕೆ. ಈ ವರ್ಷ ನನ್ನ ಫಾರಂ ತುಂಬುವ ಸರದಿ ಟೀಚರದು. ಅವರು ಪತ್ರ ನೋಡುತ್ತಾರೆ, ಡ್ರೈವರಮ್ಮನಿಗೂ ಗೊತ್ತಾಗುತ್ತದೆ. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ ‘ಓದು’ ಎಂದು ಯಾರು ಹೇಳುತ್ತಾರೆ?

ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಔಷಧದ ಡಬ್ಬಿಯೊಳಗೆ ಮಡಿಚಿಡುವ ಚೀಟಿ ಅಚ್ಚಾಗುತ್ತದೆ. ಯಾರೂ ಓದದ ಆ ತೆಳು ಕಾಗದವನ್ನು ಓದುವುದಕ್ಕೇ ಇಪ್ಪತ್ತೇಳು ವರ್ಷ ಸಂಬಳ ತೆಗೆದುಕೊಂಡೆ. ಇರುವೆಯ ಸಾಲಿನಂಥ ಅಕ್ಷರ, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜು, ಕೈಯಲ್ಲಿ ಅಡಿಪಟ್ಟಿ. ಏಳು ತಿಂಗಳ ಹಿಂದೆ ಒಂದು ಕೆಮ್ಮಿನ ಔಷಧದ ಚೀಟಿಯನ್ನು ಹೊಸದಾಗಿ ಜೋಡಿಸುವಾಗ ‘ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು’ ಎಂಬ ಸಾಲು ಬಿಟ್ಟುಹೋಗಿತ್ತು. ನಾನು ಓದಿ ಸಹಿ ಹಾಕಿದೆ. ನಲವತ್ತು ಸಾವಿರ ಚೀಟಿ ಅಚ್ಚಾಯಿತು. ಮಡಿಚುವ ವಿಭಾಗದವರು ಹಳೆಯದರ ಪಕ್ಕ ಹೊಸದನ್ನು ಇಟ್ಟಾಗ ಗೊತ್ತಾಯಿತು. ಒಂದು ಚೀಟಿಯೂ ಪ್ರೆಸ್ಸಿನ ಬಾಗಿಲು ದಾಟಲಿಲ್ಲ, ಯಾವ ಮಗುವಿಗೂ ಏನೂ ಆಗಲಿಲ್ಲ. ಆದರೆ ನನಗೆ ಆ ಸಾಲನ್ನು ಓದಿದ್ದು ಚೆನ್ನಾಗಿ ನೆನಪಿತ್ತು. ಅಡಿಪಟ್ಟಿ ಇಟ್ಟು, ತುಟಿ ಆಡಿಸಿಕೊಂಡು ಓದಿದ್ದೆ. ಕಾಗದದ ಮೇಲೆ ಅದು ಇರಲಿಲ್ಲ. ಮುನ್ನೂರು ಸಲ ಓದಿದ ಚೀಟಿಯಾದ್ದರಿಂದ ಮನಸ್ಸು ತಾನೇ ಸೇರಿಸಿಕೊಂಡು ಓದಿತ್ತು. ಕಣ್ಣು ಮಂಜಾಗಿದ್ದರೆ ಕನ್ನಡಕ ಬದಲಾಯಿಸಬಹುದಿತ್ತು.

ಟೀಚರ್ ಮನೆ ಮೂರನೆಯ ಮಹಡಿಯಲ್ಲಿದೆ. ಲಿಫ್ಟಿನ ಬಾಗಿಲಿಗೆ ‘ಇಂದು ಲಿಫ್ಟ್ ಕೆಲಸ ಮಾಡುವುದಿಲ್ಲ’ ಎಂದು ಚೀಟಿ ಅಂಟಿಸಿ ನಾಲ್ಕು ತಿಂಗಳಾಗಿದೆ. ನನ್ನ ಮೊಣಕಾಲು ಎರಡನೆಯ ಮಹಡಿಯಲ್ಲೇ ರಾಜೀನಾಮೆ ಕೊಟ್ಟಿತು. ಕಂಬಿ ಹಿಡಿದು ನಿಂತು, ಹೀಗೇ ವಾಪಸು ಇಳಿದುಬಿಡಲೇ ಎಂದುಕೊಂಡೆ. ಆದರೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ.

ಡ್ರೈವರಮ್ಮ ಆಗಲೇ ಬಂದು ಅರ್ಧ ಪೊಟ್ಟಣ ಬಿಸ್ಕತ್ತು ಮುಗಿಸಿದ್ದಳು. ಅವಳು ನನಗಿಂತ ಎರಡು ವರ್ಷ ಚಿಕ್ಕವಳು. ಸಿಟಿ ಬಸ್ಸು ಓಡಿಸುತ್ತಾಳೆ.

“ಬನ್ನಿ ಅಕ್ಕಾ, ನಿಮ್ಮ ಉಸಿರು ಮೊದಲ ಮಹಡಿಯಿಂದಾನೇ ಕೇಳಿಸ್ತಿತ್ತು. ನಾನು ಟೀಚರಿಗೆ ಹೇಳ್ದೆ, ಬ್ರೇಕ್ ಬಿಗಿಯಾಗಿರೋ ಗಾಡಿ ಬರ್ತಿದೆ ಅಂತ.”

“ನಿನ್ನ ಸೊಂಟಕ್ಕಿಂತ ನನ್ನ ಕಾಲು ವಾಸಿ ಬಿಡೇ.”

“ನನ್ನ ಸೊಂಟ ನಂದಲ್ಲ ಅಕ್ಕಾ, ಸರ್ಕಾರದ್ದು. ರಸ್ತೆ ಗುಂಡಿ ಅವರದ್ದು. ಆ ಗುಂಡಿಗೆ ತೆರಿಗೆ ಕಟ್ಟೋಳು ನಾನು. ಅದರಲ್ಲಿ ಇಳಿದು ಹತ್ತಿ ಸೊಂಟ ಹೋದ್ರೆ ಹಚ್ಚೋ ಮುಲಾಮಿಗೂ ತೆರಿಗೆ ನಂದೇ.”

“ಭಾಷಣ ಸಾಕು,” ಎಂದು ಟೀಚರ್ ಅಡುಗೆಮನೆಯಿಂದ ಚಹಾ ತಂದರು. ಅರವತ್ತೆರಡು ವರ್ಷ, ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದವರು. “ಕೂತ್ಕೊಳ್ಳಿ. ಆ ಸೈಟು ಮಧ್ಯಾಹ್ನದ ಮೇಲೆ ಮಲಗಿಬಿಡುತ್ತೆ, ನಮ್ಮ ಯಜಮಾನ್ರ ಥರ.”

ಒಳಗಿನ ಕೋಣೆಯಿಂದ ಯಜಮಾನರ ಕೆಮ್ಮು ಕೇಳಿತು. ಮಲಗಿರಲಿಲ್ಲ ಎಂದು ತಿಳಿಸುವ ಕೆಮ್ಮು.

ನಾನು ಫೈಲನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಮಾತನ್ನು ಆದಷ್ಟು ಹಗುರವಾಗಿ ಹೇಳಿದೆ. “ಟೀಚರ್, ಈ ಸಲ ನಂದು ನಾನೇ ತುಂಬಿಕೊಳ್ತೀನಿ. ನಿಮಗ್ಯಾಕೆ ಸುಮ್ನೆ ತೊಂದರೆ.”

ಇಬ್ಬರೂ ನನ್ನನ್ನು ನೋಡಿದರು.

“ತನ್ನ ಬೆನ್ನು ತನಗೆ ಕಾಣಲ್ಲ,” ಎಂದರು ಟೀಚರ್. “ನಿಯಮ ಅಂದ್ರೆ ನಿಯಮ.”

“ಅಕ್ಕಾ, ನನ್ನ ಕಥೆ ಮರೆತ್ರಾ?” ಡ್ರೈವರಮ್ಮ ಕೇಳಿದಳು.

ಮರೆಯುವುದು ಹೇಗೆ? ಈ ನಿಯಮ ಬಂದದ್ದೇ ಅವಳಿಂದ. ಹತ್ತೊಂಬತ್ತು ವರ್ಷದ ಹಿಂದೆ ಕಾಗದದ ಫಾರಂ ಇದ್ದಾಗ, ಇಬ್ಬರು ಮಕ್ಕಳನ್ನು ಸ್ಕೂಲಿಗೆ ಹೊರಡಿಸುತ್ತ, ಒಲೆಯ ಪಕ್ಕ ನಿಂತು ಅವಳು ತನ್ನ ಫಾರಂ ತುಂಬಿದ್ದಳು. ‘ತೆರಿಗೆದಾರರು ಮರಣ ಹೊಂದಿದ್ದಲ್ಲಿ ದಿನಾಂಕ’ ಎಂದಿತ್ತು. ದಿನಾಂಕ ಎಂಬುದೊಂದೇ ಕಣ್ಣಿಗೆ ಬಿದ್ದು, ಅವಳು ಅವತ್ತಿನ ದಿನಾಂಕ ಬರೆದು ಕೆಳಗೆ ಅಂದವಾಗಿ ಸಹಿಯನ್ನೂ ಹಾಕಿದ್ದಳು. ಕಚೇರಿಯವರು ಆ ಸಹಿಯನ್ನು ಪ್ರಶ್ನಿಸಲಿಲ್ಲ. ಆರು ವಾರದ ನಂತರ ‘ಮೃತರ ವಾರಸುದಾರರಿಗೆ’ ಎಂದು ಸಂತಾಪದ ಕಾಗದ ಬಂತು. ಮತ್ತೆ ಬದುಕಲು ಎಂಟು ತಿಂಗಳು ಹಿಡಿಯಿತು. ಅಷ್ಟು ದಿನವೂ ಅವಳು ಬಸ್ಸು ಓಡಿಸಿದಳು, ಸಂಬಳ ಮಾತ್ರ ಬರಲಿಲ್ಲ.

“ಕೌಂಟರಿನೋನು ನನ್ನ ಮುಖ ನೋಡ್ಕೊಂಡೇ ಹೇಳಿದ್ದ, ‘ನೀವು ಬದುಕಿದ್ದೀರಿ ಅನ್ನೋದಕ್ಕೆ ಏನಾದ್ರೂ ಪುರಾವೆ ಇದೆಯಾ’ ಅಂತ. ಒಂದು ಕೊಟ್ಟಿದ್ರೆ ಪುರಾವೆ ಸಿಗ್ತಿತ್ತು ಅವನಿಗೆ.” ಡ್ರೈವರಮ್ಮ ಇನ್ನೊಂದು ಬಿಸ್ಕತ್ತು ತೆಗೆದುಕೊಂಡಳು. “ಕೊಡಿ ಅಕ್ಕಾ ಫೈಲು.”

ನಾನು ಕೊಡಲಿಲ್ಲ. “ಮೊದಲು ನಿಂದು ಮುಗಿಸೋಣ,” ಎಂದೆ.

ಅವಳ ಫಾರಂ ತುಂಬುವುದು ನನ್ನ ಪಾಲು. ಸೈಟಿನೊಳಗೆ ಹೋಗಲು ಪಾಸ್‌ವರ್ಡ್, ಅದು ತಪ್ಪು, ಮತ್ತೊಂದು, ಅದೂ ತಪ್ಪು. ಆಮೇಲೆ ನಾವು ಯಂತ್ರವಲ್ಲ, ಮನುಷ್ಯರೇ ಎಂದು ತೋರಿಸಲು ಒಂಬತ್ತು ಮಸುಕು ಚಿತ್ರ ಬಂದವು. ಟ್ರಾಫಿಕ್ ದೀಪ ಇರುವುದನ್ನೆಲ್ಲ ಆರಿಸಬೇಕಂತೆ.

“ಇದು ದೀಪ,” ಎಂದರು ಟೀಚರ್.

“ಅದು ಬರೀ ಕಂಬ. ದೀಪ ಪಕ್ಕದ ಚೌಕದಲ್ಲಿದೆ.”

“ಕಂಬ ಇಲ್ದೆ ದೀಪ ನಿಲ್ಲುತ್ತೇನೇ?”

“ಟೀಚರ್, ಇಪ್ಪತ್ತೆರಡು ವರ್ಷದಿಂದ ದಿನಾ ಅದನ್ನೇ ನೋಡ್ತಿರೋಳು ನಾನು.”

ಟೀಚರ್ ಕಂಬವನ್ನೂ ಒತ್ತಿದರು. ಸೈಟು ನಮ್ಮನ್ನು ಮನುಷ್ಯರೆಂದು ಒಪ್ಪಲಿಲ್ಲ. ಬದಲಿಗೆ ಸೇತುವೆಗಳನ್ನು ತೋರಿಸಿತು. ಹೀಗೆ ಒಬ್ಬಳ ಫಾರಂಗೆ ಒಂದು ಗಂಟೆ. ಆಮೇಲೆ ಡ್ರೈವರಮ್ಮ ಟೀಚರದನ್ನು ತುಂಬಿದಳು, ಎರಡೇ ಬೆರಳಲ್ಲಿ, ಒಂದೊಂದು ಅಕ್ಷರಕ್ಕೂ ಕೀಲಿಮಣೆಯ ಮೇಲೆಲ್ಲ ಹುಡುಕಿ. ‘ನಿವೃತ್ತ’ ಎಂಬ ಚೌಕ ಬಂದಾಗ ಟೀಚರ್ ಮೂಗು ಮುರಿದರು.

“ನಿವೃತ್ತಿ ಆದ್ಮೇಲೆ ಟೈಮೇ ಟೈಮು ಅಂತಾರೆ. ಎಲ್ಲಿದೆ? ಬೆಳಿಗ್ಗೆ ಎದ್ದು ಮೈಯಲ್ಲಿ ಇವತ್ತು ಯಾವ ಭಾಗ ಕೈಕೊಟ್ಟಿದೆ ಅಂತ ಹಾಜರಿ ತಗೊಳ್ಳೋದ್ರಲ್ಲೇ ಒಂಬತ್ತು ಗಂಟೆ. ಆಮೇಲೆ ಹಳೇ ವಿದ್ಯಾರ್ಥಿಗಳ ಗ್ರೂಪು. ಮುನ್ನೂರು ಜನ, ದಿನಾ ಮುನ್ನೂರು ಗುಲಾಬಿ ಹೂವು, ಶುಭೋದಯ. ಒಬ್ಬನಿಗೂ ಭಿನ್ನರಾಶಿ ಬರಲಿಲ್ಲ. ಹೂವು ಕಳಿಸೋದು ಮಾತ್ರ ಕಲಿತಿದ್ದಾರೆ.”

“ನನಗೆ ಎರಡು ಸಾವಿರ ಫ್ರೆಂಡ್ಸು,” ಎಂದಳು ಡ್ರೈವರಮ್ಮ. “ಹುಟ್ಟಿದ ದಿನ ನಾನೂರು ಕೇಕು ಬಂತು. ತಿನ್ನೋಕೆ ಒಂದೂ ಇಲ್ಲ.”

ಅಷ್ಟರಲ್ಲಿ ನನ್ನ ಫೋನು ಗುಂಯ್ ಎಂದಿತು. ಸೈಟಿನಿಂದ ಬರುವ ಒಟಿಪಿ ಅಂಕಿಗಾಗಿ ಮೂವರ ಫೋನನ್ನೂ ಮೇಜಿನ ಮೇಲೆಯೇ ಇಟ್ಟಿದ್ದೆವು. ಅಂಕಿಯೇ ಬಂತೆಂದು ಡ್ರೈವರಮ್ಮ ಬಗ್ಗಿ ಓದಿದಳು.

“ಅಕ್ಕಾ, ಯಾವುದೋ ಬೆಕ್ಕು ಇವತ್ತು ಮೂವತ್ತು ಸಲ ಎತ್ತಿದೆಯಂತೆ. ನೀವೆಷ್ಟು ಸಲ ಎತ್ತಿದ್ರಿ ಅಂತ ಕೇಳ್ತಿದೆ.”

“ಕಾಲು,” ಎಂದೆ. “ಮೊಣಕಾಲಿನ ವ್ಯಾಯಾಮ. ಫೋನಿನಲ್ಲಿ ಒಂದು ಗ್ರೂಪಿದೆ, ಅಲ್ಲಿ ಪರಿಚಯ.”

“ಹೆಸರೇನು?”

“ಗೊತ್ತಿಲ್ಲ. ಬೆಕ್ಕಿನ ಫೋಟೋ ಹಾಕ್ಕೊಂಡಿದ್ದಾಳೆ. ಬೆಕ್ಕಿನಮ್ಮ ಅಂತೀನಿ.”

“ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಕಾಲು ಎತ್ತಿದ ಲೆಕ್ಕ ಮಾತ್ರ ಗೊತ್ತು,” ಎಂದರು ಟೀಚರ್. “ಚೆನ್ನಾಗಿದೆ. ಫೈಲು ಕೊಡು.”

ಇನ್ನು ತಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಕೊಟ್ಟೆ.

ಟೀಚರಿಗೆ ಒಂದು ಅಭ್ಯಾಸ. ಬರೆಯುವುದನ್ನೆಲ್ಲ ಜೋರಾಗಿ ಹೇಳಿಕೊಂಡು ಬರೆಯುತ್ತಾರೆ. ಕರಿಹಲಗೆಯ ಮುಂದೆ ಕಳೆದ ವರ್ಷಗಳ ಫಲ. ದಿನಸಿ ಪಟ್ಟಿ ಬರೆದರೂ ಬೀದಿಯವರಿಗೆಲ್ಲ ಗೊತ್ತಾಗಬೇಕು. ಅವರು ನನ್ನ ಹುಟ್ಟಿದ ತಾರೀಕನ್ನು ಸಾರಿದರು, ವಿಳಾಸವನ್ನು ಸಾರಿದರು, ವಿಮೆಯ ರಸೀದಿಯ ಹದಿನಾಲ್ಕು ಅಂಕಿಗಳನ್ನೂ ಬಿಡಿಬಿಡಿಯಾಗಿ ಸಾರಿದರು. ಒಂದೊಂದು ಕಾಗದ ಎತ್ತಿದಾಗಲೂ ಅಡಿಯಲ್ಲಿ ಇನ್ನೆಷ್ಟು ಉಳಿದಿವೆ ಎಂದು ಎಣಿಸಿದೆ. ಮುಂದೆ ಏನಾಗುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಮೊದಲು ‘ಏನಿದು’ ಎನ್ನುತ್ತಾರೆ. ಆಮೇಲೆ ಕನ್ನಡಕ ತೆಗೆಯುತ್ತಾರೆ. ಆಮೇಲೆ ‘ನಾನು ಅವತ್ತೇ ಹೇಳಿರಲಿಲ್ವಾ’ ಎಂದು ಶುರುವಾಗುತ್ತದೆ.

ಕೊನೆಯ ಕಾಗದ ಕೈಗೆ ಬಂತು. “ಉದ್ಯೋಗದ ವಿವರ,” ಎಂದು ಟೀಚರ್ ಸಾರಿದರು. ಮುಂದಿನದನ್ನು ಸಾರಲಿಲ್ಲ.

ಕಾಗದವನ್ನು ಕಣ್ಣಿನ ಹತ್ತಿರ ತಂದು ಇನ್ನೊಮ್ಮೆ ನೋಡಿದರು.

“ಏನ್ ಟೀಚರ್, ಕರೆಂಟು ಹೋದಂಗೆ ನಿಂತ್ಬಿಟ್ರಿ,” ಎಂದಳು ಡ್ರೈವರಮ್ಮ.

“ಸೈಟು ಹೋಯ್ತು,” ಎಂದರು ಟೀಚರ್.

ನಾನು ಕೂತಲ್ಲಿಂದ ಪರದೆ ಕಾಣುತ್ತಿತ್ತು. ಸೈಟು ಎಲ್ಲಿಗೂ ಹೋಗಿರಲಿಲ್ಲ. ಖಾಲಿ ಚೌಕದಲ್ಲಿ ಆ ಸಣ್ಣ ಗೆರೆ ಮಿಣುಕುತ್ತ ಕಾಯುತ್ತಿತ್ತು. ಟೀಚರ್ ತುಟಿ ಬಿಗಿಹಿಡಿದು, ಒಂದು ಮಾತೂ ಆಡದೆ, ಹುದ್ದೆಯನ್ನೂ ಸಂಬಳವನ್ನೂ ಮೆಲ್ಲಗೆ ಒತ್ತಿದರು. ಇಷ್ಟು ವರ್ಷದಲ್ಲಿ ಅವರು ಬಾಯಿ ಮುಚ್ಚಿಕೊಂಡು ಬರೆದದ್ದನ್ನು ನಾನು ಕಂಡಿರಲಿಲ್ಲ.

ನನಗೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಸಿಟ್ಟು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಏಳು ತಿಂಗಳಿಂದ ಅದಕ್ಕೇ ತಯಾರಾಗಿದ್ದೆ. ಹೀಗೆ ರೋಗಿಯ ಹಾಸಿಗೆಯ ಪಕ್ಕ ಕೂತವರ ಹಾಗೆ ಮೆಲ್ಲಗಾದರೆ ನಾನೇನು ಮಾಡಲಿ?

“ಜೋರಾಗಿ ಓದಿ ಟೀಚರ್,” ಎಂದೆ.

“ಬೇಡ ಬಿಡು.”

“ಯಾವತ್ತೂ ಓದ್ತೀರಲ್ಲ, ಇವತ್ತೂ ಓದಿ.”

“ಏನಾಗ್ತಿದೆ ಇಲ್ಲಿ?” ಎಂದಳು ಡ್ರೈವರಮ್ಮ.

ಟೀಚರ್ ಓದಲಿಲ್ಲ. ನಾನೇ ಹೇಳಿದೆ. ಉಗ್ರಾಣ, ಖಾಲಿ ಡಬ್ಬಿಗಳ ಕಟ್ಟು ಎಣಿಸುವುದು, ವಾರಕ್ಕೆ ಮೂರು ದಿನ, ನನ್ನ ಗಾಜಿನ ಮೇಜಿನ ಮೇಲೆ ಈಗ ಎರಡು ಪುಟ ಹೋಲಿಸುವ ಯಂತ್ರ. ಕೆಮ್ಮಿನ ಔಷಧ, ಬಿಟ್ಟುಹೋದ ಸಾಲು, ನನ್ನ ಸಹಿ. ಹೇಳಿದ್ದು ಎರಡು ನಿಮಿಷ.

ಆಗ ಟೀಚರಿಗೆ ಬಾಯಿ ಬಂತು. “ಕಣ್ಣು ತೋರಿಸ್ಕೊಂಡ್ಯಾ? ಮೇಲಿನವರಿಗೆ ಬರೆದು ಕೊಟ್ಯಾ? ಇಪ್ಪತ್ತೇಳು ವರ್ಷಕ್ಕೆ ಒಂದು ತಪ್ಪು. ಶೇಕಡಾವಾರು ಲೆಕ್ಕ ಹಾಕಿದ್ರೆ ಅದು ತಪ್ಪೇ ಅಲ್ಲ. ಅವತ್ತೇ ನನ್ನ ಹತ್ರ ಬಂದಿದ್ರೆ ನಾನೊಂದು ಅರ್ಜಿ…”

“ಕಣ್ಣು ಸರಿಯಾಗಿದೆ ಟೀಚರ್. ಅದೇ ಕಷ್ಟ.”

“ಸರಿಯಾಗಿದ್ರೆ ಯಾಕೆ…”

“ಇದಕ್ಕೇ ನಿಮಗೆ ಹೇಳ್ಲಿಲ್ಲ,” ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. “ಒಂದು ಮಾತು ಹೇಳಿದ್ರೆ ಹತ್ತು ಕೆಲಸ ಹಚ್ಚುತ್ತೀರಿ. ಬಿದ್ದೋಳನ್ನ ಬಿದ್ದಲ್ಲೇ ಒಂದು ನಿಮಿಷ ಇರೋಕೆ ಬಿಡಲ್ಲ ನೀವು.”

ಡ್ರೈವರಮ್ಮ ಬಿಸ್ಕತ್ತನ್ನು ಮತ್ತೆ ತಟ್ಟೆಗಿಟ್ಟಳು. “ಏಳು ತಿಂಗಳು ಯಾರಿಗೂ ಹೇಳ್ದೆ ಇದ್ರಾ ಅಕ್ಕಾ?”

ಇಲ್ಲಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ಆದರೆ ಸಾಕಾಗಿತ್ತು ನನಗೆ. “ಬೆಕ್ಕಿನಮ್ಮನಿಗೆ ಹೇಳಿದ್ದೆ. ಆದ ದಿನವೇ.”

“ಯಾರು, ಈ ಕಾಲೆತ್ತೋಳಿಗಾ?” ಡ್ರೈವರಮ್ಮನ ಮುಖ ಕೆಂಪಾಯಿತು. “ನಾನು ಸತ್ತಾಗ ಮೊದಲು ಓಡಿಬಂದಿದ್ದು ನಿಮ್ಮ ಮನೆಗೆ. ನನ್ನ ಗಂಡನಿಗೂ ಆಮೇಲೆ ಹೇಳಿದ್ದು. ನೀವು ಹೋಗಿ ಬೆಕ್ಕಿಗೆ ಹೇಳಿದ್ರಾ?”

“ಅವಳಿಗೆ ನಾನು ಭೂತಗನ್ನಡಿ ಅಲ್ಲ ಕಣೆ. ಯಾರೋ ಮೊಣಕಾಲು ನೋವಿನೋಳು, ಅಷ್ಟೇ. ಅವಳ ಮುಂದೆ ಕಳ್ಕೊಳ್ಳೋಕೆ ಏನೂ ಇರ್ಲಿಲ್ಲ. ನಿಮ್ಮ ಮುಂದೆ…” ಅವರಿಗೆ ಅರ್ಥವಾಯಿತೋ ಇಲ್ಲವೋ.

ಟೀಚರ್ ಮೇಜಿನ ಮೇಲಿದ್ದ ಬಿಸ್ಕತ್ತಿನ ಪುಡಿಯನ್ನು ಬೆರಳಿಂದ ಒಂದು ಕಡೆಗೆ ಸೇರಿಸುತ್ತಿದ್ದರು. “ಅವಳೇನಂದ್ಲು?” ಎಂದು ಕೇಳಿದರು, ನನ್ನನ್ನು ನೋಡದೆ.

“ಏನೂ ಇಲ್ಲ. ‘ಅಯ್ಯೋ’ ಅಂತ ಬರೆದ್ಲು.”

“ಅಷ್ಟೇನಾ?”

“ಅಷ್ಟೇ.”

ಟೀಚರ್ ಪುಡಿಯನ್ನು ಇನ್ನೊಂದು ಕಡೆಗೆ ಸರಿಸಿದರು. ಒಳಗಿನಿಂದ ಮತ್ತೆ ಕೆಮ್ಮು ಕೇಳಿತು. ಸಲಹೆಗಳೆಲ್ಲ ಅವರ ಗಂಟಲಲ್ಲಿ ಸಾಲಾಗಿ ನಿಂತು ತಳ್ಳಾಡುತ್ತಿರುವುದು ನನಗೆ ಕಾಣುತ್ತಿತ್ತು. ಕೊನೆಗೆ, ಗೊತ್ತಿಲ್ಲದ ಭಾಷೆಯ ಪದ ಹೇಳುವವರ ಹಾಗೆ, “ಅಯ್ಯೋ,” ಎಂದರು.

ಡ್ರೈವರಮ್ಮ ಪಕ್ಕಕ್ಕೆ ತಿರುಗಿ ನಗು ನುಂಗಿದಳು. ನನಗೂ ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರು ಬಂತು. ಎರಡೂ ಬೇಡವಾಗಿತ್ತು.

“ಆದ್ರೂ ಒಂದು ಸಲ ಕಣ್ಣು…” ಎಂದು ಟೀಚರ್ ಶುರು ಮಾಡಿದರು.

“ಟೀಚರ್,” ಎಂದಳು ಡ್ರೈವರಮ್ಮ.

“ಆಯ್ತು, ಬಿಟ್ಟೆ.”

ಮೂರು ಫಾರಂಗಳೂ ತುಂಬಿ ಕೂತಿದ್ದವು. ಉಳಿದದ್ದು ಕೊನೆಯ ಓದು. ಯಾರೂ ಅದರ ಮಾತೆತ್ತಲಿಲ್ಲ. ಟೀಚರ್ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು, ಖಾಲಿ ಕೈಯಲ್ಲಿ ವಾಪಸು ಬಂದರು, ಮತ್ತೆ ಒಂದು ಚಮಚ ಹಿಡಿದು ಹೋದರು. ಏಳು ತಿಂಗಳಿಂದ ನಾನು ಹೆದರಿದ್ದು ಇದಕ್ಕೇ. ಯಾರೂ ಏನೂ ಹೇಳದೆ, ಮರ್ಯಾದೆಯಿಂದ ನನ್ನನ್ನು ದಾಟಿ ಹೋಗುವ ಈ ಹೊತ್ತಿಗೆ. ಪ್ರೆಸ್ಸಿನಲ್ಲೂ ಹೀಗೇ ಆಗಿತ್ತು. ಯಾರೂ ಗದರಲಿಲ್ಲ. ಸೋಮವಾರ ಹೋದಾಗ ನನ್ನ ಮೇಜಿನ ದೀಪ ಆರಿತ್ತು, ಅಷ್ಟೇ.

ಡ್ರೈವರಮ್ಮ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಳ್ಳಿದಳು. “ಓದಿ ಅಕ್ಕಾ. ನಂಗೆ ಮೂರು ಗಂಟೆಗೆ ಡ್ಯೂಟಿ.”

“ನನ್ನಿಂದ ಆಗಲ್ಲ ಕಣೆ.”

“ಯಾಕಾಗಲ್ಲ? ಈಗಿನ್ನೂ ಕಣ್ಣು ಸರಿಯಾಗಿದೆ ಅಂದ್ರಿ.”

“ನಿಮ್ಮಿಬ್ಬರ ಫಾರಂ ನನಗೆ ಬಾಯಿಗೆ ಬರುತ್ತೆ. ಅಲ್ಲಿ ಏನಿರಬೇಕೋ ಅದನ್ನೇ ಓದ್ತೀನಿ, ಏನಿದೆಯೋ ಅದನ್ನಲ್ಲ. ನೀನು ಮತ್ತೆ ಸತ್ತಿದ್ರೂ ಗೊತ್ತಾಗಲ್ಲ.”

ಟೀಚರ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಒದ್ದೆ ಬಟ್ಟೆ. “ಹಾಗಾದ್ರೆ ಏನು ಮಾಡಿದ್ರೆ ಆಗುತ್ತೆ?” ಎಂದು ಕೇಳಿದರು. ಸಲಹೆಯಲ್ಲ, ಪ್ರಶ್ನೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವರು ಕೇಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಯೋಚಿಸಬೇಕಾಯಿತು. “ನಾನು ಸೇರಿದ ಹೊಸದ್ರಲ್ಲಿ ಒಂದು ಮೇಜಿಗೆ ಇಬ್ಬರಿರ್ತಿದ್ವಿ,” ಎಂದೆ. “ಒಬ್ಬಳು ಮೂಲ ಕಾಗದ ಹಿಡಿದು ಜೋರಾಗಿ ಓದ್ತಿದ್ಲು, ಇನ್ನೊಬ್ಬಳು ಅಚ್ಚಿನ ಮೇಲೆ ಬೆರಳಿಟ್ಟು ನೋಡ್ತಿದ್ಲು. ಕಿವಿಗೆ ಬಿದ್ದದ್ದು ಕಣ್ಣಿಗೆ ಸಿಗದಿದ್ರೆ ಅಲ್ಲೇ ನಿಲ್ಲೋದು. ಆಮೇಲೆ ಖರ್ಚು ಜಾಸ್ತಿ ಅಂತ ಓದೋಳನ್ನ ತೆಗೆದುಬಿಟ್ರು. ಎಂಟು ವರ್ಷ ಒಬ್ಬಳೇ ಓದಿದೆ.” ಇಷ್ಟು ದಿನ ಇದನ್ನು ಬೆಕ್ಕಿನಮ್ಮನಿಗೂ ಹೇಳಿರಲಿಲ್ಲ, ನನಗೇ ಹೇಳಿಕೊಂಡಿರಲಿಲ್ಲ. “ಯಾರಾದ್ರೂ ಓದಿ ಹೇಳ್ಬೇಕು. ಒಂದು ಅಂಕಿ, ಒಂದು ಚುಕ್ಕಿ ಬಿಡದ ಹಾಗೆ. ಆಗ ನೋಡಬಲ್ಲೆ. ಒಬ್ಬಳೇ ಆಗಲ್ಲ.”

‘ಒಬ್ಬಳೇ ಆಗಲ್ಲ’ ಎನ್ನುವುದು ‘ಉಗ್ರಾಣ’ ಎನ್ನುವುದಕ್ಕಿಂತ ಕಷ್ಟವಾಯಿತು.

ಟೀಚರ್ ಕೈ ಒರೆಸಿಕೊಂಡು ಬಂದು ಕೂತರು. ನನ್ನ ಫೈಲನ್ನೇ ಎತ್ತಿಕೊಂಡರು, ಗಂಟಲು ಸರಿಮಾಡಿಕೊಂಡರು. ಇಡೀ ತರಗತಿಗೆ ಕೇಳುವ ದನಿಯಲ್ಲಿ ನನ್ನ ಹೆಸರು, ಹುಟ್ಟಿದ ತಾರೀಕು, ವಿಳಾಸ ಓದಿದರು. ನಾನು ಪರದೆಗೆ ಬೆರಳು ಹಚ್ಚಿ ಒಂದೊಂದೇ ಅಕ್ಷರದ ಹಿಂದೆ ಹೋದೆ. ಡ್ರೈವರಮ್ಮ ಗಡಿಯಾರ ನೋಡಿ, ಡಿಪೋಗೆ ಫೋನು ಮಾಡಿ ಅರ್ಧ ಗಂಟೆ ತಡವಾಗುತ್ತದೆ ಎಂದಳು. ಯಾಕೆ ಎಂದು ಅವರು ಕೇಳಿರಬೇಕು. “ತೆರಿಗೆ,” ಎಂದು ಸಿಡುಕಿ ಫೋನಿಟ್ಟಳು.

“ಹುದ್ದೆ, ಉಗ್ರಾಣ ಸಹಾಯಕಿ,” ಎಂದರು ಟೀಚರ್, ಅದೇ ಜೋರು ದನಿಯಲ್ಲಿ.

“ಇದೆ.”

ವಿಮೆಯ ಸಂಖ್ಯೆಗೆ ಬಂದಾಗ ಅವರಿಗೆ ಹಳೆಯ ಓಟ ಹತ್ತಿತು. ಅಂಕಿಗಳನ್ನು ಮಗ್ಗಿ ಹೇಳಿದ ಹಾಗೆ ಹೇಳಿಕೊಂಡು ಹೊರಟರು. ನನ್ನ ಬೆರಳು ಆರನೆಯದರಲ್ಲಿತ್ತು, ಅವರು ಹನ್ನೊಂದರಲ್ಲಿದ್ದರು.

“ನಿಧಾನ ಟೀಚರ್. ಹೀಗೆ ಓಡಿದ್ರೆ ಹೇಗೆ ನೋಡ್ಲಿ?”

“ನನಗೇ ಪಾಠ ಹೇಳ್ತೀಯಾ?”

“ಹೌದು, ನಿಮಗೇ. ಮೊದಲಿಂದ ಓದಿ.”

ಟೀಚರ್ ನನ್ನನ್ನು ಕನ್ನಡಕದ ಮೇಲಿನಿಂದ ಒಂದು ಕ್ಷಣ ದುರುಗುಟ್ಟಿ ನೋಡಿದರು. ಆಮೇಲೆ ಕಾಗದದ ಮೇಲೆ ತಮ್ಮ ಬೆರಳನ್ನು ಹಿಂದಕ್ಕೆ ತಂದು, ಮೊದಲ ಅಂಕಿಯ ಕೆಳಗಿಟ್ಟು, ಒಂದೊಂದಾಗಿ ಓದತೊಡಗಿದರು.